ಬಿಲ್ಲೆ ಮೇಷ್ಟ್ರ ನೋಟ

ಬಲತೋಳು ಸಲೀಸಾಗಿ ಒಳಗೆ ಹೋಯಿತು. ಎಡತೋಳು ಮಾತ್ರ ಏನು ಮಾಡಿದರೂ ಕೋಟಿನೊಳಗೆ ಹೋಗಲೊಲ್ಲದು. ಮಂಚದ ಆ ಬದಿಯಿಂದ ಅತ್ತೆ ತಳ್ಳಿದಳು, ಈ ಬದಿಯಿಂದ ಮಗಳು ಎಳೆದಳು. ಸತ್ತ ಮನುಷ್ಯ ಇಬ್ಬರ ಮಾತನ್ನೂ ಕೇಳಲಿಲ್ಲ.

"ನೋಡು, ಹೀಗೇ ಇವನು," ಎಂದು ಅತ್ತೆ ಕೈಬೆನ್ನಿನಿಂದ ಹಣೆಯ ಬೆವರು ಒರೆಸಿಕೊಂಡಳು. "ಚಿಕ್ಕೋನಿದ್ದಾಗ ಅಮ್ಮ ಅಂಗಿ ತೊಡಿಸೋಕೆ ಹೋದ್ರೂ ಇದೇ ಗೋಳು. ಒಂದು ತೋಳು ಹಾಕಿಸ್ಕೊಂಡು ಪರಾರಿ. ಲೋ, ಕೈ ಸಡಿಲ ಬಿಡೋ. ಮೂರು ಗಂಟೆಗೆ ಗಾಡಿ ಬರುತ್ತೆ."

ಎಪ್ಪತ್ತೆಂಟರ ಅಕ್ಕ ಎಪ್ಪತ್ತೆರಡರ ತಮ್ಮನನ್ನು ಗದರಿಸುತ್ತಿದ್ದಳು. ಹಿಂದಿನ ಸಂಜೆಯಿಂದ ಅವಳು ಅತ್ತಿರಲಿಲ್ಲ. ಅಳುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ಕುರ್ಚಿ ಎಲ್ಲಿಂದ ತರಿಸುವುದು, ಬಂದವರನ್ನು ಎಲ್ಲಿ ಕೂರಿಸುವುದು, ಟೀಗೆ ಎಷ್ಟು ಲೋಟ ಬೇಕು ಎಂದು ಯೋಚಿಸುವವರು ಸಾವಿನ ಮನೆಯಲ್ಲಿ ಒಬ್ಬರಾದರೂ ಬೇಕಲ್ಲ.

ಕೋಟು ಕಂದು ಬಣ್ಣದ್ದು. ಬಂದೂಕು ಒರಗುವ ಬಲಭುಜದ ಮೇಲೆ ಚರ್ಮದ ತೇಪೆ. ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಮೂವತ್ತಾರು ವರ್ಷ ಈ ಮನುಷ್ಯ ಜನರಿಗೆ ಕಲಿಸಿದ್ದು ಒಂದೇ ವಿದ್ಯೆ: ಯಂತ್ರ ಗಾಳಿಗೆ ಎಸೆಯುವ ಅಂಗೈಯಗಲದ ಮಣ್ಣಿನ ಬಿಲ್ಲೆಯನ್ನು ಚರೆ ಬಂದೂಕಿನಿಂದ ಹೊಡೆದು ಪುಡಿ ಮಾಡುವುದು. ಹಾಗಾಗಿ ಊರಿಗೆಲ್ಲ ಅವರು ಬಿಲ್ಲೆ ಮೇಷ್ಟ್ರು. ನಿನ್ನೆ ಸಂಜೆಯ ಪಾಠ ಮುಗಿಸಿ ಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಮಗಳಿಗೆ ಅಳು ಬಂದಿತ್ತು, ನಿಂತಿತ್ತು, ಮತ್ತೆ ಬಂದಿತ್ತು. ಆದರೆ ಅಳುವಿನೊಳಗೆ ಒಂದು ಸಿಟ್ಟೂ ಸೇರಿಕೊಂಡಿತ್ತು. ಅಪ್ಪ ನಾಲ್ಕು ವರ್ಷದಿಂದ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಾತು ಬಿಟ್ಟಿದ್ದನೆಂದಲ್ಲ. ಬಂದಾಗ ಊಟ ಆಯ್ತಾ ಎನ್ನುತ್ತಿದ್ದ, ಅಂಗಡಿ ಹೇಗೆ ನಡೀತಿದೆ ಎನ್ನುತ್ತಿದ್ದ. ಆದರೆ ಆ ಪ್ರಶ್ನೆಗಳನ್ನೆಲ್ಲ ಅವಳ ಪಕ್ಕದ ಗೋಡೆಗೆ ಕೇಳುತ್ತಿದ್ದ.

ಕಾರಣ ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ನಾಲ್ಕು ವರ್ಷದ ಹಿಂದೆ ತನ್ನ ಬಂದೂಕನ್ನು ರೇಂಜಿನ ಕ್ಲಬ್ಬಿಗೆ ಒಪ್ಪಿಸಿಬಿಟ್ಟಿದ್ದಳು. ಬೇರೆ ಊರಿನಲ್ಲಿ ಔಷಧಿ ಅಂಗಡಿ, ಮನೆ, ಇಬ್ಬರು ಮಕ್ಕಳು. ಲೈಸೆನ್ಸಿನ ಕಾಗದ ಹಿಡಿದು ಕಚೇರಿ ಅಲೆಯುವುದಕ್ಕೆ ಬಿಡುವೆಲ್ಲಿ? ಅಪ್ಪನಿಗೆ ಒಂದು ಮಾತು ಹೇಳಿ ಕೊಡಬೇಕಿತ್ತು. ಧೈರ್ಯ ಸಾಲಲಿಲ್ಲ. ಕಾರ್ಯದರ್ಶಿಯ ಬಾಯಿಂದ ಸುದ್ದಿ ತಿಳಿದ ಅಪ್ಪ ಫೋನಿನಲ್ಲಿ "ಕೊಟ್ಟುಬಿಟ್ಯಂತೆ" ಎಂದ, ಅಷ್ಟೇ. ಅದಾದ ಮೇಲೆ ಅವಳು ಮನೆಗೆ ಬಂದಾಗಲೇ ಈ ಗೋಡೆಯ ವ್ಯವಹಾರ ಶುರುವಾಗಿದ್ದು. ಕ್ಷಮಿಸಿದೆ ಎಂದೋ ಕ್ಷಮಿಸಲ್ಲ ಎಂದೋ ಒಂದು ಮಾತು ಹೇಳದೆ ಈಗ ಹೀಗೆ ಮಲಗಿಬಿಟ್ಟಿದ್ದ.

"ಅತ್ತೆ, ಅಪ್ಪ ನನ್ನ ಬಗ್ಗೆ ಏನಾದ್ರೂ ಅಂದಿದ್ನಾ? ಆ ಬಂದೂಕಿನ ವಿಷ್ಯ?"

"ನಿನ್ನಪ್ಪ ನನ್ನ ಹತ್ರ ಯಾವತ್ತು ಕೂತು ಮಾತಾಡಿದ್ದ? ಮನೆಗೆ ಬರ್ತಿದ್ದಿದ್ದೇ ನಿದ್ದೆ ಮಾಡೋಕೆ. ಇತ್ತೀಚೆಗಂತೂ ಟೀನ ಲೋಟದ ಪಕ್ಕಕ್ಕೆ ಹೊಯ್ಯೋನು. ಬೈದ್ರೆ ನಗೋನು. ವಯಸ್ಸಾಯ್ತು ಕಣೇ. ನನಗಿಂತ ಮೊದಲು ಅವನಿಗೇ ಆಗಿಹೋಯ್ತು."

ಹೇಳುತ್ತ ಹೇಳುತ್ತ ಅತ್ತೆ ಇನ್ನೊಮ್ಮೆ ತಳ್ಳಿದಳು. ಎಡತೋಳು ಥಟ್ಟನೆ ಒಳಗೆ ಹೋಯಿತು. ಮಗಳು ಗುಂಡಿ ಹಾಕಿದಳು, ಆದರೆ ಮುಖದತ್ತ ತಲೆಯೆತ್ತಲಿಲ್ಲ.

*

ಹದಿನಾರು ವರ್ಷದ ಹುಡುಗಿಯನ್ನು ಅಪ್ಪ ರೇಂಜಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಬಂದೂಕನ್ನು ಕೀಲಿನ ಬಳಿ ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಎಂದು ತಾನು ನೋಡಿದ, ಅವಳಿಗೆ ತೋರಿಸಿದ, ಬಡಗಿ ಮಾಮನಿಗೂ ತೋರಿಸಿದ. ರೇಂಜಿನ ಬಂದೂಕುಗಳಿಗೆಲ್ಲ ಮರದ ಹಿಡಿ ಮಾಡಿಕೊಡುತ್ತಿದ್ದ ಬಡಗಿ ಮಾಮ ಅಪ್ಪನ ಜೀವದ ಗೆಳೆಯ. ಆಮೇಲೆ ಅಪ್ಪ ಮೂರು ಹೆಜ್ಜೆ ದೂರ ಹೋಗಿ ಅವಳತ್ತ ತಿರುಗಿ ನಿಂತ.

"ಈಗ ನನ್ನ ಕಣ್ಣಿಗೆ ಗುರಿ ಇಡು."

"ಅಪ್ಪಾ!"

"ಖಾಲಿ ಇದೆ, ನೀನೇ ನೋಡಿದ್ಯಲ್ಲ. ಇದನ್ನ ಇನ್ನೆಲ್ಲೂ ಮಾಡಬಾರದು, ನನ್ನ ಮುಂದೆ ಮಾತ್ರ. ಕೆನ್ನೆ ಮರಕ್ಕೆ ಒರಗಲಿ. ಎರಡೂ ಕಣ್ಣು ತೆರೆದಿರಲಿ. ನನ್ನ ನೋಡು, ಬಂದೂಕನ್ನ ನೋಡಬೇಡ."

ಅವಳು ನೋಡಿದಳು. ನಳಿಗೆಯ ಆಚೆ ತುದಿಯಿಂದ ಅಪ್ಪನೂ ಅವಳ ಕಣ್ಣನ್ನೇ ನೋಡುತ್ತ ನಿಂತ. ಕಣ್ಣುಗುಡ್ಡೆ ನಳಿಗೆಯ ನಡುವಿಗೆ ಸರಿಯಾಗಿ ಕೂತಿದೆಯೋ, ಪಕ್ಕಕ್ಕೆ ಜರುಗಿದೆಯೋ ಎಂದು ಹೀಗೆ ಎದುರಿನಿಂದಲೇ ಪರೀಕ್ಷೆ ಮಾಡಬೇಕು. "ಕೂದಲೆಳೆಯಷ್ಟು ಎಡಕ್ಕಿದೆ ಕಣಯ್ಯಾ" ಎಂದ. ಬಡಗಿ ಕೆನ್ನೆ ಒರಗುವ ಜಾಗದಲ್ಲಿ ಮರ ಉಜ್ಜಿದ. ಮತ್ತೆ ಗುರಿ, ಮತ್ತೆ ನೋಟ, ಮತ್ತೆ ಉಜ್ಜುವುದು. ಒಂದಿಡೀ ಮಧ್ಯಾಹ್ನ ಇದೇ ಆಯಿತು.

"ನಿನ್ನ ಬಲಗಣ್ಣಲ್ಲಿ ಒಂದು ಸಣ್ಣ ಕಂದು ಚುಕ್ಕೆ ಇದೆ, ಗೊತ್ತಾ?" ಎಂದ ಅಪ್ಪ, ಕೊನೆಗೊಮ್ಮೆ.

ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕನ್ನಡಿಗೆ ಮೂಗು ತಾಗಿಸಿ ಹುಡುಕಿದಳು, ಇತ್ತು. ಅದುವರೆಗೆ ಯಾರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಆ ಖುಷಿಗೇ ಅವಳು ಶೂಟಿಂಗ್ ಕಲಿತಳು ಎಂದರೂ ತಪ್ಪಲ್ಲ.

ಪಾಠ ಎಂದರೆ ಅಪ್ಪನದು ಒಂದೇ ಪಾಠ. ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆ ಮಣಿ ಇರುತ್ತದೆ. ಹೊಸಬರೆಲ್ಲ ಅದನ್ನು ಬಿಲ್ಲೆಗೆ ಹೊಂದಿಸಲು ಹೋಗಿ ಕೆಡುತ್ತಾರೆ. "ಆ ಮಣಿ ನೋಡಿದ್ಯೋ, ಕೈ ನಿಲ್ಲುತ್ತೆ. ಕೈ ನಿಲ್ತೋ, ಬಿಲ್ಲೆ ಹೋಯ್ತು. ಬಿಲ್ಲೆ ನೋಡು. ಇಡೀ ಬಿಲ್ಲೆ ಅಲ್ಲ, ಅದರ ಮುಂದಿನ ಅಂಚು. ಕಣ್ಣು ಎಲ್ಲಿರುತ್ತೋ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಊಟ ಮಾಡೋವಾಗ ಬಾಯಿ ಎಲ್ಲಿದೆ ಅಂತ ಕೈ ನೋಡಿ ನೋಡಿ ತುತ್ತು ಇಡ್ತೀಯಾ?" ಎನ್ನುತ್ತಿದ್ದ. ಆ ಒಂದು ಪಾಠದಿಂದ ಅವಳು ಎರಡು ಸಲ ಬಹುಮಾನದ ಮೆಟ್ಟಿಲು ಹತ್ತಿದ್ದಳು.

*

ಹನ್ನೆರಡರ ಹೊತ್ತಿಗೆ ರೇಂಜಿನವರು ಬಂದರು. ಕಾರ್ಯದರ್ಶಿ, ಇಪ್ಪತ್ತು ವರ್ಷದಿಂದ ಪ್ರತಿ ಭಾನುವಾರ ತಪ್ಪದೆ ಗುರಿ ತಪ್ಪುತ್ತಿದ್ದ ಹಲ್ಲು ಡಾಕ್ಟ್ರು, ಹೋದ ವರ್ಷ ಚಿನ್ನ ಗೆದ್ದ ಪದಕದ ಹುಡುಗಿ, ಎಲ್ಲರಿಗಿಂತ ಹಿಂದೆ ಬಡಗಿ ಮಾಮ. ಮಂಚದ ಹತ್ತಿರ ಒಂದೊಂದು ನಿಮಿಷ ನಿಂತು ಎಲ್ಲರೂ ಕುರ್ಚಿ ಹಿಡಿದರು. ಮೊದಲು ಬಾಯಿ ಬಿಟ್ಟವರು ಹಲ್ಲು ಡಾಕ್ಟ್ರು.

"ನಾನು ಸೇರಿದ ಮೊದಲ ವಾರ," ಎಂದು ಶುರು ಮಾಡಿದರು. "ಪ್ರತಿ ಬಿಲ್ಲೆ ಮೇಲೂ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆದಿದೀನಿ, ಅದನ್ನ ಓದಿ ಆಮೇಲೆ ಹೊಡೀರಿ ಅಂದ್ರು ಮೇಷ್ಟ್ರು. ನಾನು ‘ಪುಲ್’ ಅಂತ ಕೂಗಿದೆ, ಬಿಲ್ಲೆ ಹಾರ್ತು, ಹೊಡೆದೆ. ಯಾವ ಅಕ್ಷರ ಅಂದ್ರು. ‘ಕ’ ಅಂದೆ. ಮುಂದಿನದು ‘ಮ’ ಅಂದೆ. ಹತ್ತರಲ್ಲಿ ಎಂಟು ಒಡೆದೆ ಕಣ್ರೀ! ಜನ್ಮದಲ್ಲಿ ಅಷ್ಟು ಒಡೆದಿರಲಿಲ್ಲ, ಆಮೇಲೂ ಒಡೆದಿಲ್ಲ. ಪೆಟ್ಟಿಗೆ ತೆಗೆದು ತೋರಿಸಿದ್ರು. ಒಂದರ ಮೇಲೂ ಏನೂ ಬರೆದಿರಲಿಲ್ಲ!"

ಸಾವಿನ ಮನೆ ಎಂಬುದನ್ನು ಮರೆತು ಕಾರ್ಯದರ್ಶಿ ಗಟ್ಟಿಯಾಗಿ ನಕ್ಕುಬಿಟ್ಟರು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿದಳು. ನಗುವವರಿಗೂ ಟೀ ಬೇಕಾಗುತ್ತದೆ ಎಂದು ಇನ್ನೊಂದು ತಟ್ಟೆ ತುಂಬ ಲೋಟ ಜೋಡಿಸಿದಳು. ಮಗಳು ನಗಲಿಲ್ಲ. ಇಲ್ಲದ ಅಕ್ಷರವನ್ನೂ ನೋಡುವಂತೆ ಮಾಡಿದ ಮನುಷ್ಯನಿಗೆ ಎದುರಿಗಿದ್ದ ಮಗಳನ್ನು ನೋಡುವುದಕ್ಕೆ ಏನು ಕಷ್ಟವಿತ್ತು ಎಂದುಕೊಂಡಳು.

*

ಎರಡು ತಿಂಗಳ ಹಿಂದಿನ ಮಾತು. ಇದೇ ಕೋಣೆ. ಅವಳು ಊರಿಗೆ ಹೊರಡಲು ಬ್ಯಾಗು ಹೆಗಲಿಗೇರಿಸಿದ್ದಳು. ಅಪ್ಪ ಬಾಗಿಲ ಹಿಂದಿನಿಂದ ಕೊಡೆ ತೆಗೆದು ಅವಳ ಕೈಗಿಟ್ಟ.

"ಮಳೆ ಇಲ್ವಲ್ಲಪ್ಪ."

"ಮಳೆಗಲ್ಲ. ಒಂದ್ಸಲ ಗುರಿ ಇಡು. ಆಗ ಇಡ್ತಿದ್ಯಲ್ಲ, ಹಾಗೆ."

ನಲವತ್ತೊಂದು ವರ್ಷದ ಹೆಂಗಸು ಕೊಡೆ ಹಿಡಿದು ಅಪ್ಪನ ಕಣ್ಣಿಗೆ ಗುರಿ ಇಡುವುದೆಂದರೆ ನಗೆಪಾಟಲೇ ಸರಿ. ಆದರೆ ಅಂತೂ ಮುದುಕನ ಸಿಟ್ಟು ಇಳಿಯಿತು ಎಂದುಕೊಂಡಳು. ಬ್ಯಾಗು ಕೆಳಗಿಟ್ಟು, ಕೊಡೆಯನ್ನು ಭುಜಕ್ಕೇರಿಸಿ, ಕೆನ್ನೆ ಒರಗಿಸಿ, ಎರಡೂ ಕಣ್ಣು ತೆರೆದು ಅಪ್ಪನನ್ನೇ ನೋಡಿದಳು.

ಅಪ್ಪನ ಕಣ್ಣು ಒಂದು ಗಳಿಗೆ ಅವಳ ಮುಖದ ಮೇಲೆ ನಿಂತಿತು. ಆಮೇಲೆ ಜಾರಿ ಪಕ್ಕದ ಕಿಟಕಿಯ ಪರದೆಗೆ ಹೋಯಿತು. ಹೋದದ್ದು ವಾಪಸು ಬರಲಿಲ್ಲ.

"ಅಪ್ಪ, ನಾನು ಇಲ್ಲಿದೀನಿ."

"ಗೊತ್ತು. ಅಲ್ಲಾಡಬೇಡ. ಇನ್ನೊಂಚೂರು ಹೊತ್ತು ಹಾಗೇ ಇರು."

ಅವಳು ಇರಲಿಲ್ಲ. ಕೊಡೆಯನ್ನು ಕುರ್ಚಿಯ ಮೇಲೆ ಎಸೆದಳು. "ನೋಡೋಕೆ ಇಷ್ಟ ಇಲ್ಲದಿದ್ರೆ ಈ ನಾಟಕ ಯಾಕಪ್ಪ? ನನಗೆ ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟೇಬಿಟ್ಟಳು. ಗೇಟಿನ ಹತ್ತಿರ ಮನಸ್ಸು ತಡೆಯದೆ ತಿರುಗಿದಾಗ ಅಪ್ಪ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದ. ಮುಖ ಮಾತ್ರ ಪಕ್ಕದ ಮನೆಯ ಕಾಂಪೌಂಡಿನ ಕಡೆಗಿತ್ತು. ಅದನ್ನು ಅವಳು ಇನ್ನೂ ಮರೆತಿರಲಿಲ್ಲ.

*

"ಆದ್ರೆ ಸರ್ ಹತ್ರ ಮಾತಾಡೋವಾಗ ನನಗೆ ಒಂಥರಾ ಆಗೋದು," ಎನ್ನುತ್ತಿದ್ದಳು ಪದಕದ ಹುಡುಗಿ. "ಮುಖ ಬಿಟ್ಟು ಕಿವಿ ಪಕ್ಕ ನೋಡೋರು. ಮೊದಮೊದಲು ನನ್ನ ಹಿಂದೆ ಯಾರೋ ನಿಂತಿದಾರೆ ಅಂದ್ಕೊಂಡು ತಿರುಗಿ ತಿರುಗಿ ನೋಡ್ತಿದ್ದೆ."

ಮಗಳ ಕೈಯಲ್ಲಿದ್ದ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು. "ನಿಮ್ಮನ್ನೂ ಹಾಗೇ ನೋಡ್ತಿದ್ನಾ?"

"ಅಯ್ಯೋ, ನನ್ನನ್ನೂ ಹಾಗೇ," ಎಂದರು ಹಲ್ಲು ಡಾಕ್ಟ್ರು. "ನನ್ನ ಬಾಯಿ ವಾಸನೆಗೇ ಮುಖ ತಿರುಗಿಸ್ತಾರೆ ಅಂದ್ಕೊಂಡೆ. ಹಲ್ಲು ಡಾಕ್ಟ್ರಾಗಿ ಎಂಥ ಅವಮಾನ ಹೇಳಿ! ದಿನಕ್ಕೆ ಮೂರು ಸಲ ಉಜ್ಜೋಕೆ ಶುರು ಮಾಡಿದೆ."

"ಯಾವಾಗಿಂದ?"

"ಉಜ್ಜೋಕಾ?"

"ಅಪ್ಪ ಹಾಗೆ ನೋಡೋಕೆ."

"ಮೂರ್ನಾಲ್ಕು ವರ್ಷ ಆಗಿರಬೇಕು," ಎಂದರು ಕಾರ್ಯದರ್ಶಿ. "ಯಾವಾಗ್ಲೂ ಆಕಾಶ ನೋಡಿ ನೋಡಿ ಮನುಷ್ಯರನ್ನ ನೋಡೋ ಅಭ್ಯಾಸ ತಪ್ಪಿಹೋಗಿತ್ತು ಅಂತ ಕಾಣುತ್ತೆ."

ಬಡಗಿ ಮಾಮ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ಮಗಳು ಹಿಂದೆಯೇ ಹೋದಳು. ಅವನು ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತು ಸುಮ್ಮನೆ ಅಂಗೈ ಉಜ್ಜಿಕೊಳ್ಳುತ್ತಿದ್ದ.

"ಮಾಮ, ನಿಮಗೇನೋ ಗೊತ್ತು."

"ಮಾತು ಕೊಟ್ಟಿದೀನಿ ಕಣಮ್ಮ."

"ಯಾರಿಗೆ? ಒಳಗೆ ಮಲಗಿರೋನಿಗಾ? ಇನ್ನೆರಡು ಗಂಟೇಲಿ ಅವನು ಹೋಗ್ತಾನೆ. ಆಮೇಲೆ ಯಾರಿಗೋಸ್ಕರ ಇಟ್ಕೊಳ್ತೀರಿ ಆ ಮಾತನ್ನ?"

ಬಡಗಿ ಮಾಮ ತಲೆ ತಗ್ಗಿಸಿದ. "ನಿನ್ನಪ್ಪನಿಗೆ ಕಣ್ಣು ಹೋಗಿತ್ತು. ಪೂರ್ತಿ ಅಲ್ಲ, ನಟ್ಟನಡುವೆ ಮಾತ್ರ. ಎರಡು ಕಣ್ಣಲ್ಲೂ. ಡಾಕ್ಟ್ರ ಹತ್ರ ನಾನೇ ಜೊತೆಗೆ ಹೋಗಿದ್ದೆ. ಇದಕ್ಕೆ ಔಷಧಿ ಇಲ್ಲ ಅಂದ್ರು. ಹೊರಗೆ ಬಂದು ನಗ್ತಾ ಹೇಳ್ದ, ‘ಎತ್ತ ನೋಡಿದ್ರೂ ಎದುರಿಗೊಂದು ಕರಿ ಬಿಲ್ಲೆ ನಿಂತಿದೆ ಕಣಯ್ಯಾ. ಜೀವಮಾನವೆಲ್ಲ ಬಿಲ್ಲೆ ಒಡೆದೆ, ಇದೊಂದನ್ನ ಒಡೆಯೋಕಾಗ್ತಿಲ್ಲ’ ಅಂತ."

ಮಗಳ ಅಂಗಡಿಯಲ್ಲಿ ಕಣ್ಣಿನ ಔಷಧಿಗೇ ಎರಡು ಸಾಲು ಇದ್ದವು. ಚೀಟಿಯನ್ನು ಓರೆಯಾಗಿ ಹಿಡಿದು, ಕತ್ತು ವಾರೆ ಮಾಡಿ ಓದುವ ಮುದುಕರು ದಿನಕ್ಕೆ ಒಬ್ಬರಾದರೂ ಬರುತ್ತಿದ್ದರು. "ಬೇಗ ಡಾಕ್ಟ್ರಿಗೆ ತೋರಿಸಿ ಅಜ್ಜ" ಎಂದು ಅವಳೇ ಹೇಳಿ ಕಳಿಸುತ್ತಿದ್ದಳು. ಅಪ್ಪನ ಓರೆ ನೋಟಕ್ಕೆ ಮಾತ್ರ ಸಿಟ್ಟು ಎಂದು ಹೆಸರಿಟ್ಟು ನಾಲ್ಕು ವರ್ಷ ಹೊತ್ತು ತಿರುಗಿದ್ದಳು.

"ಮತ್ತೆ ಪಾಠ ಹೇಗೆ ಮಾಡ್ತಿದ್ದ?"

"ಹಾರೋದು ಕಾಣ್ತಿತ್ತಮ್ಮ. ಓಡೋ ವಸ್ತು ಕಣ್ಣಂಚಿಗೆ ಚೆನ್ನಾಗಿ ಸಿಗುತ್ತಂತೆ. ಎದುರಿಗೆ ಸುಮ್ನೆ ನಿಂತಿರೋ ಮುಖ ಸಿಗ್ತಿರಲಿಲ್ಲ. ಉಳಿದಿದ್ದೆಲ್ಲ ಕಿವಿ. ‘ಪುಲ್’ ಅಂದಾಗಿಂದ ಗುಂಡಿನ ಸದ್ದು ಬರೋವರೆಗೆ ಮನಸ್ಸಲ್ಲೇ ಎಣಿಸೋನು. ತಡ ಆದ್ರೆ, ‘ಮಣಿ ನೋಡಿದ್ಯಲ್ವಾ?’ ಅನ್ನೋನು. ಅವರು ಹೆದರಿ ಹೌದು ಅನ್ನೋರು. ಗೊತ್ತಾದ್ರೆ ಕ್ಲಬ್ಬಿನೋರು ಮನೆಗೆ ಕಳಿಸಿಬಿಡ್ತಾರೆ, ಯಾರಿಗೂ ಹೇಳಬೇಡ ಅಂದ."

"ನಾನೇನು ಯಾರೋ ಹೊರಗಿನೋಳಾ ಮಾಮ? ನನಗೂ ಹೇಳಬಾರದಿತ್ತಾ?"

"ನಿನಗಂತೂ ಹೇಳಲೇಬೇಡ ಅಂದ. ‘ಅವಳು ಔಷಧಿ ಅಂಗಡಿಯೋಳು, ಕೇಳಿದ ದಿನವೇ ಬಂದು ನನ್ನ ಊರೂರು ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ. ರೇಂಜ್ ಬಿಡಿಸ್ತಾಳೆ. ರೇಂಜ್ ಬಿಟ್ಟು ನಾನೇನು ಗೋಡೆ ನೋಡ್ಕೊಂಡು ಕೂರ್ಲಾ?’ ಅಂದ."

"ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ. ಬಂದೂಕು ಕೊಟ್ಟುಬಿಟ್ಟಿದ್ದಕ್ಕೆ."

"ಸಿಟ್ಟಾ? ಒಂದು ವಾರ ಗೊಣಗಿದ. ಆಮೇಲೆ ‘ಅವಳಿಗಾದ್ರೂ ಟೈಮೆಲ್ಲಿದೆ’ ಅಂತ ಅವನೇ ಸಮಾಧಾನ ಮಾಡ್ಕೊಂಡ." ಬಡಗಿ ಮಾಮ ಈಗ ಮೊದಲ ಬಾರಿಗೆ ಅವಳ ಮುಖ ನೋಡಿದ. "ಅವನಿಗೆ ಯಾರ ಮುಖವಾದ್ರೂ ಕಾಣಬೇಕಂದ್ರೆ, ಆ ಮುಖದ ಪಕ್ಕ ಎಲ್ಲಾದ್ರೂ ಕಣ್ಣು ಊರಿ ಕಾಯಬೇಕಿತ್ತಮ್ಮ. ಆಗ ಅಂಚಲ್ಲಿ ಮೆಲ್ಲಗೆ ಬರೋದು. ಹೋದ ಸಲ ನೀನು ಬಂದು ಹೋದ ಸಂಜೆ ನಮ್ಮನೆಗೆ ಬಂದ. ಕುಣಿಯೋದೊಂದು ಬಾಕಿ. ‘ಇವತ್ತು ಮಗಳು ಕಂಡ್ಲು ಕಣಯ್ಯಾ! ಕೊಡೆ ಕೊಟ್ಟು ನಿಲ್ಲಿಸಿದೆ. ಪರದೆ ಮೇಲೆ ಕಣ್ಣಿಟ್ಟೆ. ನಿಧಾನಕ್ಕೆ ಬಂದ್ಲು. ಹದಿನಾರಕ್ಕೆ ಹೇಗಿದ್ಲೋ ಹಾಗೇ ಇದಾಳೆ’ ಅಂದ. ಕಣ್ಣಂಚಿಗೆ ನರೆಗೂದಲೆಲ್ಲ ಕಾಣಲ್ಲ ನೋಡು."

"ನಾನು ಕೊಡೆ ಎಸೆದು ಹೋದೆ ಮಾಮ."

"ಅದನ್ನೂ ಹೇಳ್ದ. ‘ಪಾಪ, ಬಸ್ಸಿಗೆ ಹೊತ್ತಾಗಿತ್ತು’ ಅಂದ."

ಅವಳು ತಂತಿಯ ಕಂಬ ಹಿಡಿದುಕೊಂಡು ಗಟ್ಟಿಯಾಗಿ, ಮಕ್ಕಳು ಅಳುವಂತೆ ಬಾಯಿ ತೆರೆದು ಅತ್ತಳು. ಅಪ್ಪನ ಮೇಲೆ ಕೆಟ್ಟ ಕೋಪ ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಬಡಗಿ ಮಾಮ ಸಮಾಧಾನದ ಮಾತು ಗೊತ್ತಿಲ್ಲದವನು. ಅವಳ ಬೆನ್ನಿನ ಮೇಲೆ ಕೈಯಿಟ್ಟು ನಿಂತ.

ಮೂರಕ್ಕೆ ಐದು ನಿಮಿಷವಿರುವಾಗ ಗಾಡಿ ಬಂತು. ಅತ್ತೆ ಯಾರು ಎಲ್ಲಿ ಹಿಡಿಯಬೇಕು, ಬಾಗಿಲಲ್ಲಿ ಹೇಗೆ ತಿರುಗಿಸಬೇಕು ಎಂದು ಹೇಳಿಕೊಟ್ಟಳು. ಕಾರ್ಯದರ್ಶಿ ಮತ್ತು ಹಲ್ಲು ಡಾಕ್ಟ್ರು ಕಾಲಿನ ಕಡೆ ನಿಂತರು, ಬಡಗಿ ಮಾಮ ಮತ್ತು ಪದಕದ ಹುಡುಗಿ ತಲೆಯ ಕಡೆ.

"ಎಲ್ಲಿ ಅವಳು? ಬಾರೇ, ಕಡೇ ಸಲ ನೋಡ್ಕೋ," ಎಂದು ಅತ್ತೆ ಕರೆದಳು.

ಮಗಳು ಮುಖ ತೊಳೆದು ಬಂದು ಮಂಚದಿಂದ ಸ್ವಲ್ಪ ದೂರದಲ್ಲಿ ನಿಂತಳು. ಬೆಳಗಿನಿಂದ ನೋಡಲಾಗದಿದ್ದ ಮುಖವನ್ನು ಒಮ್ಮೆ ನೇರವಾಗಿ ನೋಡಿದಳು. ಆಮೇಲೆ ಅಪ್ಪನ ಕಿವಿಯ ಪಕ್ಕಕ್ಕೆ, ಮಂಚದ ತಲೆದೆಸೆಯ ಮರದ ಕಾಲಿನ ಮೇಲೆ ಕಣ್ಣು ನೆಟ್ಟಳು.

"ಎಲ್ಲಿ ನೋಡ್ತಿದೀಯೇ?" ಅತ್ತೆಯ ದನಿ ಈಗ ಒಡೆಯಿತು. "ಮುಖ ನೋಡೇ ತಾಯಿ. ಮತ್ತೆ ಸಿಗಲ್ಲ."

"ನೋಡ್ತಿದೀನಿ ಅತ್ತೆ."

"ಎತ್ತೋಣ್ವಾ?" ಎಂದು ಕಾರ್ಯದರ್ಶಿ ಮೆಲ್ಲಗೆ ಕೇಳಿದರು. ಬಡಗಿ ಮಾಮ ಬೇಡವೆಂದು ತಲೆಯಾಡಿಸಿದ. ಹೊರಗೆ ಗಾಡಿಯ ಎಂಜಿನ್ ಸದ್ದು ಮಾಡುತ್ತಲೇ ಇತ್ತು.

ಮರದ ಕಾಲಿನ ಮೇಲೆ ಬಣ್ಣ ಎದ್ದು ಹೋದ ಜಾಗ ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಅಲ್ಲಾಡದೆ ನಿಂತಳು. ಸ್ವಲ್ಪ ಹೊತ್ತಿಗೆ ಅದರ ಎಡಕ್ಕೆ, ಅಂಚಿನಲ್ಲಿ, ಅಪ್ಪ ಬಂದ. ಸುಕ್ಕು ಕಾಣಲಿಲ್ಲ, ನರೆ ಕಾಣಲಿಲ್ಲ. ಕಣ್ಣು ಮುಚ್ಚಿದೆಯೋ ತೆರೆದಿದೆಯೋ, ಅಷ್ಟು ದೂರದ ಅಂಚಿನಲ್ಲಿ ಅದನ್ನು ಹೇಳುವಂತಿರಲಿಲ್ಲ.